ಸಂಧಿವಾತಕ್ಕೆ ನೋವಿನ ಮಾತ್ರೆ ನುಂಗುವವರೇ, ಹೊಟ್ಟೆ ನೋಯುತ್ತಿಲ್ಲ ಎಂದು ನಂಬಿ ಕೂರಬೇಡಿ

ಸೋಮವಾರಪೇಟೆ ಕಡೆಯ ಕಾಫಿ ತೋಟದಲ್ಲಿ ಕೆಲಸ ಮಾಡುವ, ಅರವತ್ತೈದು ದಾಟಿದ ಒಬ್ಬ ಅಮ್ಮನಿಗೆ ಆದದ್ದು ಇದು. ರುಮಟಾಯ್ಡ್ ಸಂಧಿವಾತಕ್ಕೆ ನೋವಿನ ಮಾತ್ರೆ ಅಸೆಕ್ಲೋಫೆನಾಕ್ 100 ಮಿ.ಗ್ರಾಂ. ದಿನಕ್ಕೆರಡು, ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ 5 ಮಿ.ಗ್ರಾಂ. ಒಂದು ನಡೆಯುತ್ತಿತ್ತು. ಜುಲೈ ಮಳೆಗೆ ಬೆರಳು ಬಿಗಿದುಕೊಂಡಾಗ ಮೆಡಿಕಲ್‌ನಲ್ಲಿ ಕೇಳಿ ಡೈಕ್ಲೋಫೆನಾಕ್ 50 ತಂದು ಅದನ್ನೂ ಸೇರಿಸಿಕೊಂಡರು. ಮೂರನೇ ವಾರಕ್ಕೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣು ಕತ್ತಲೆ. ಮಲ ಡಾಂಬರಿನಂತೆ ಕಪ್ಪು, ಅಂಟಂಟು, ವಿಪರೀತ ವಾಸನೆ. ಹೊಟ್ಟೆನೋವು ಮಾತ್ರ ಒಂದು ದಿನವೂ ಇರಲಿಲ್ಲ. ಜಠರದಲ್ಲಿ ಹುಣ್ಣಾಗಿ ರಕ್ತ ಸೋರುತ್ತಿತ್ತು.

ಹೆಸರು ಬೇರೆಯಾದರೂ ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್ ಎರಡೂ ಒಂದೇ ಜಾತಿಯ ನೋವಿನ ಮಾತ್ರೆಗಳು. ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಕೂಡ ಅದೇ ಗುಂಪು. ಎರಡು ಸೇರಿಸಿದರೆ ನೋವು ಇಮ್ಮಡಿ ಇಳಿಯುವುದಿಲ್ಲ, ಹುಣ್ಣಿನ ಅಪಾಯ ಏರುತ್ತದೆ. ಸ್ಟೀರಾಯ್ಡ್ ಜೊತೆಗಿದ್ದರೆ ಇನ್ನೂ ಹೆಚ್ಚು. ಹೃದಯಕ್ಕೆಂದು ಆಸ್ಪಿರಿನ್ 75 ನುಂಗುವವರು, ರಕ್ತ ತೆಳುವಾಗಿಸುವ ಮಾತ್ರೆಯವರು, ಹಿಂದೆ ಹುಣ್ಣಾಗಿದ್ದವರು, ಸಂಜೆ ಮದ್ಯ ತೆಗೆದುಕೊಳ್ಳುವವರು ಕೂಡ ಇದೇ ಸಾಲಿನಲ್ಲಿದ್ದಾರೆ.

ಮಾತ್ರೆ ಜಠರಕ್ಕೆ ತಾಗುವುದರಿಂದಷ್ಟೇ ಹುಣ್ಣಾಗುವುದಲ್ಲ. ಜಠರದ ಒಳಪೊರೆಗೆ ಲೋಳೆ ಸುರಿಸಿ, ರಕ್ತ ಹರಿಸಿ, ಆಮ್ಲದಿಂದ ಕಾಪಾಡುವುದು ದೇಹವೇ ತಯಾರಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ. ಕೀಲಿನಲ್ಲಿ ಬಾವು ತರುವುದೂ ಅದೇ ಬಳಗ. ಔಷಧ ರಕ್ತಕ್ಕೆ ಸೇರಿ ಎರಡೂ ಕಡೆ ಅದರ ಉತ್ಪತ್ತಿ ತಡೆಯುತ್ತದೆ. ಬ್ರಿಟಿಷ್ ವಿಜ್ಞಾನಿ ಜಾನ್ ವೇನ್ 1971ರಲ್ಲೇ ಇದನ್ನು ತೋರಿಸಿಕೊಟ್ಟರು. ಹಾಗಾಗಿ ಇಂಜೆಕ್ಷನ್ ಹಾಕಿಸಿಕೊಂಡರೆ ಹೊಟ್ಟೆಗೇನೂ ಆಗದು ಎಂಬ ಮಾತು ಸುಳ್ಳು. ಊಟದ ಮೇಲೆ ನುಂಗಿದರೆ ಉರಿ ಕಡಿಮೆಯಾಗಬಹುದು, ಹುಣ್ಣು ತಪ್ಪುವುದಿಲ್ಲ.

ಆ ಅಮ್ಮ ಗ್ಯಾಸ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಆದರೆ ಎದೆ ಉರಿದ ದಿನ ಮಾತ್ರ, ಅದೂ ಊಟವಾದ ಮೇಲೆ. ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ 40 ಅಥವಾ ಒಮೆಪ್ರಜೋಲ್ 20 ಬರೆದುಕೊಟ್ಟಿದ್ದರೆ ಬೆಳಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ, ನೋವಿನ ಮಾತ್ರೆ ನಡೆಯುವಷ್ಟು ದಿನವೂ ತೆಗೆದುಕೊಳ್ಳಬೇಕು. ಅದರ ಕಾವಲು ಜಠರ ಮತ್ತು ಸಣ್ಣ ಕರುಳಿನ ಆರಂಭದವರೆಗೆ ಮಾತ್ರ. ಅದಕ್ಕಿಂತ ಕೆಳಗೆ ಕರುಳಿನಲ್ಲಿ ಆಗುವ ಹುಣ್ಣಿಗೆ ಅದು ಅಡ್ಡ ಬರುವುದಿಲ್ಲ. ಕಾರಣ ತಿಳಿಯದೆ ಹಿಮೋಗ್ಲೋಬಿನ್ ಇಳಿಯುತ್ತಿದ್ದರೆ ಡಾಕ್ಟರಿಗೆ ಇದನ್ನು ನೆನಪಿಸಿ. ಸೆಲೆಕಾಕ್ಸಿಬ್ ಎಂಬ ನೋವಿನ ಮಾತ್ರೆ ಹೊಟ್ಟೆಗೆ ಸ್ವಲ್ಪ ಮೃದು, ಆದರೆ ಹೃದ್ರೋಗಿಗಳು ಕೇಳದೆ ಮುಟ್ಟಬಾರದು.

ಇನ್ನೊಂದು ಮಾತು: ಈ ಮಾತ್ರೆಗಳು ನೋವು ತಗ್ಗಿಸುತ್ತವೆ, ಕೀಲು ಸವೆಯುವುದನ್ನು ನಿಲ್ಲಿಸುವುದಿಲ್ಲ. ಆ ಕೆಲಸ ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟ್‌ನಂಥ ಔಷಧಗಳದ್ದು. ನೋವಿನ ಮಾತ್ರೆ ಹೆಚ್ಚಿಸಬೇಕು ಅನ್ನಿಸತೊಡಗಿದರೆ ಹೋಗಬೇಕಾದದ್ದು ಮೆಡಿಕಲ್‌ಗಲ್ಲ, ಡಾಕ್ಟರ ಬಳಿಗೆ.

ಕಬ್ಬಿಣದ ಮಾತ್ರೆಗೂ ಮಲ ಕಪ್ಪಾಗುತ್ತದೆ, ಆದರೆ ಡಾಂಬರಿನಂತೆ ಅಂಟುವುದಿಲ್ಲ. ಅಂಟು ಕಪ್ಪು ಮಲ, ಕಾಫಿ ಚರಟದಂಥ ವಾಂತಿ, ತಣ್ಣನೆ ಬೆವರು ಕಂಡರೆ ನೋವಿನ ಮಾತ್ರೆ ಅಲ್ಲಿಗೇ ನಿಲ್ಲಿಸಿ. ಪ್ರೆಡ್ನಿಸೋಲೋನ್ ಮಾತ್ರ ನೀವಾಗಿ ಥಟ್ಟನೆ ಬಿಡಬೇಡಿ. ನುಂಗುತ್ತಿದ್ದ ಎಲ್ಲಾ ಶೀಟ್‌ಗಳನ್ನೂ ಚೀಲಕ್ಕೆ ಹಾಕಿಕೊಂಡು ಆಗಲೇ ಹೊರಡಿ. ಮಳೆಗಾಲದಲ್ಲಿ ನಮ್ಮ ರಸ್ತೆಗೆ ಯಾವಾಗ ಮರ ಬೀಳುತ್ತದೋ ಹೇಳಲಾಗದು, ಬೆಳಗಾಗಲಿ ಎಂದು ಕಾಯಬೇಡಿ.