ಮಾತಾಡುತ್ತ ಹಾಕುವ ಹೊಲಿಗೆ, ಬಾಯಿ ಮುಚ್ಚಿ ಹಾಕುವ ಹೊಲಿಗೆ

ನಮ್ಮ ಗುಂಪಿನಲ್ಲಿ ಏಳು ಜನ. ವಾರಕ್ಕೊಮ್ಮೆ ಸೇರಿ ಎರಡೂವರೆ ಗಂಟೆ ಕೂರುತ್ತೇವೆ. ಅಷ್ಟರಲ್ಲಿ ಸೂಜಿ ಓಡುವುದು ಹೆಚ್ಚೆಂದರೆ ಒಂದೂವರೆ ಗಂಟೆ, ಮಿಕ್ಕಿದ್ದು ಮಾತು. ಆ ಮಾತಿನಲ್ಲೂ ಅರ್ಧ ‘ಈ ಜಾಗಕ್ಕೆ ಯಾವ ಹೊಲಿಗೆ, ಯಾವ ದಾರ’ ಅನ್ನುವ ಜಗ್ಗಾಟ. ನೀಡಲ್‌ಪಾಯಿಂಟ್ ಅಂದರೆ ಕ್ಯಾನ್ವಾಸಿನ ಒಂದೊಂದು ರಂಧ್ರವನ್ನೂ ದಾರದಿಂದ ತುಂಬುತ್ತ ಹೋಗುವ ಕಸೂತಿ. ತಪ್ಪು ಆಯ್ಕೆ ಮಾಡಿಕೊಂಡರೆ ಅದು ಗೊತ್ತಾಗುವಷ್ಟರಲ್ಲಿ ಎರಡು ತಿಂಗಳು ಕಳೆದಿರುತ್ತದೆ.

ಈ ಸಲ ನನ್ನ ಕೈಗೆ ಎರಡು ಕೆಲಸ ಒಟ್ಟಿಗೇ ಬಂದವು. ಒಂದು, ಕುರ್ಚಿಯ ದಿಂಬು: ಇಂಚಿಗೆ 12 ರಂಧ್ರದ ಕ್ಯಾನ್ವಾಸು, ನಡುವೆ ಎಲೆಗಳು, ಸುತ್ತ ಬೂದುಬಣ್ಣದ ಹಿನ್ನೆಲೆ. ಇನ್ನೊಂದು, ಕಟ್ಟು ಹಾಕಿಸಿ ಗೋಡೆಗೆ ನೇತುಹಾಕುವ ಚಿಕ್ಕ ಚಿತ್ರ: ಇಂಚಿಗೆ 18 ರಂಧ್ರ, ಕೊಳದಲ್ಲೊಂದು ಬಾತುಕೋಳಿ. ಬಾಯಿಮಾತಿನಲ್ಲಿ ಏನೂ ತೀರ್ಮಾನ ಆಗುವ ಹಾಗೆ ಕಾಣಲಿಲ್ಲ. ಅದಕ್ಕೇ ಮಿಕ್ಕ ಕ್ಯಾನ್ವಾಸ್ ತುಂಡುಗಳ ಮೇಲೆ ಎರಡೆರಡು ಇಂಚಿನ ಚೌಕ ಗುರುತು ಮಾಡಿಕೊಂಡು, ಎಲ್ಲವನ್ನೂ ಹೊಲಿದೇ ನೋಡಿದೆವು.

ಮೊದಲು ದಿಂಬಿನ ಹಿನ್ನೆಲೆ. ಇಲ್ಲಿ ಪೈಪೋಟಿ ಟೆಂಟ್ ಹೊಲಿಗೆಯ ಮೂರು ಬಗೆಗಳ ನಡುವೆ: ಹಾಫ್ ಕ್ರಾಸ್, ಕಾಂಟಿನೆಂಟಲ್, ಬಾಸ್ಕೆಟ್‌ವೀವ್. ಮುಂದಿನಿಂದ ನೋಡಿದರೆ ಮೂರೂ ಒಂದೇ. ಕ್ಯಾನ್ವಾಸಿನ ಎಳೆಗಳು ಒಂದನ್ನೊಂದು ದಾಟುವ ಕಡೆ ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಒಂದು ಓರೆ ಗೆರೆ, ಅಷ್ಟೆ. ಜಾತಕ ಇರುವುದು ಹಿಂಬದಿಯಲ್ಲಿ. ಹಾಫ್ ಕ್ರಾಸ್‌ನ ಬೆನ್ನಿನಲ್ಲಿ ದಾರ ಒಂದೇ ರಂಧ್ರದಷ್ಟು ಇಳಿಯುತ್ತದೆ, ಬಾಸ್ಕೆಟ್‌ವೀವ್‌ನಲ್ಲಿ ನೇರವಾಗಿ ಎರಡು ರಂಧ್ರ ದಾಟುತ್ತದೆ, ಕಾಂಟಿನೆಂಟಲ್‌ನಲ್ಲಿ ಎರಡು ರಂಧ್ರ ಓರೆಯಾಗಿ ಓಡುತ್ತದೆ.

ಇದರಿಂದ ದಾರದ ಖರ್ಚು ಎಷ್ಟು ಬದಲಾಗುತ್ತದೆ ಅಂತ ಅಳೆದೇ ನೋಡಿದೆ. 24 ಸಾಲು, ಸಾಲಿಗೆ 24, ಅಂದರೆ ಒಂದು ಚೌಕಕ್ಕೆ 576 ಹೊಲಿಗೆ. ತುದಿಯಲ್ಲಿ ಕತ್ತರಿಸಿ ಎಸೆದದ್ದೂ ಸೇರಿ ಹಾಫ್ ಕ್ರಾಸ್ ಸುಮಾರು ಮೂರೂಕಾಲು ಮೀಟರು ತಿಂದಿತು. ಕಾಂಟಿನೆಂಟಲ್ ಐದರ ಹತ್ತಿರ ಬಂತು, ಬಾಸ್ಕೆಟ್‌ವೀವ್ ನಾಲ್ಕೂವರೆ. ‘ಬಾಸ್ಕೆಟ್‌ವೀವ್ ಅಂದರೆ ದಾರ ನುಂಗುವ ಹೊಲಿಗೆ’ ಅಂತ ನಮ್ಮಲ್ಲಿ ಇಬ್ಬರು ವರ್ಷಗಟ್ಟಲೆ ಹೇಳುತ್ತಿದ್ದರು. ಅವರಿಬ್ಬರೂ ಹಾಕುತ್ತಿದ್ದದ್ದು ಕಾಂಟಿನೆಂಟಲ್!

ದಾರ ಉಳಿಸುತ್ತೆ ಅಂತ ಹಾಫ್ ಕ್ರಾಸ್ ಕಡೆ ವಾಲುವ ಹಾಗೂ ಇರಲಿಲ್ಲ. ಎಳೆಗಳು ಬರೀ ಒಂದರ ಮೇಲೊಂದು ಕೂತಿರುವ ಸಾದಾ ಮೊನೊ ಕ್ಯಾನ್ವಾಸಿನಲ್ಲಿ ಅದು ನಿಲ್ಲುವುದಿಲ್ಲ. ಹೊಲಿಗೆ ಎಳೆಯ ಸಂದಿಗೆ ಜಾರಿಕೊಂಡು, ಕೆಲವು ಕಡೆ ಗೆರೆ ಇದೆ, ಕೆಲವು ಕಡೆ ಬರೀ ಚುಕ್ಕೆ. ಎಳೆಗಳು ಒಂದಕ್ಕೊಂದು ಕಚ್ಚಿಕೊಂಡಿರುವ ಇಂಟರ್‌ಲಾಕ್ ಕ್ಯಾನ್ವಾಸಾದರೆ ಪರವಾಗಿಲ್ಲ. ಆದರೂ ಬೆನ್ನು ತೆಳು. ದಿನಾ ಯಾರಾದರೂ ಕೂತು ಏಳುವ ದಿಂಬಿಗೆ ಆ ಬೆನ್ನನ್ನು ನಾನು ನಂಬಲಾರೆ.

ಕಾಂಟಿನೆಂಟಲ್‌ನ ಬೆನ್ನು ಗಟ್ಟಿ. ಆದರೆ ಆ ಚೌಕ ಮುಗಿಯುವ ಹೊತ್ತಿಗೆ ಚೌಕವಾಗಿ ಉಳಿದಿರಲಿಲ್ಲ. ಮಕ್ಕಳ ಜಾಮಿಟ್ರಿ ಬಾಕ್ಸಿನ ಮೂಲೆಮಟ್ಟ ಇಟ್ಟು ನೋಡಿದರೆ ಮೇಲಿನ ಅಂಚು ಬಲಕ್ಕೆ ವಾಲಿತ್ತು. ಎಲ್ಲ ಹೊಲಿಗೆಯೂ ಒಂದೇ ಕಡೆಗೆ ಜಗ್ಗಿದರೆ ಕ್ಯಾನ್ವಾಸು ತಾನೇ ಏನು ಮಾಡೀತು? ಒದ್ದೆ ಮಾಡಿ, ಹಲಗೆಯ ಮೇಲೆ ನೇರಕ್ಕೆ ಎಳೆದು, ಸುತ್ತ ಪಿನ್ನು ಚುಚ್ಚಿ ಒಣಗಿಸಿದರೆ ಸರಿಹೋಗುತ್ತದೆ ಅನ್ನುತ್ತಾರೆ. ಎರಡು ಇಂಚಿಗೆ ಸರಿ, ಹದಿನಾಲ್ಕು ಇಂಚಿನ ದಿಂಬಿಗೆ ಅದು ಕುಸ್ತಿ. ಬಾಸ್ಕೆಟ್‌ವೀವ್ ಚೌಕ ಮಾತ್ರ ಅಲ್ಲಾಡಿರಲಿಲ್ಲ. ಅದರಲ್ಲಿ ಸಾಲುಗಳು ಮೂಲೆಯಿಂದ ಮೂಲೆಗೆ ಹೋಗುತ್ತವೆ. ಹಿಂದೆ ದಾರ ಒಂದು ಸಾಲಿನಲ್ಲಿ ಉದ್ದಕ್ಕೆ, ಮುಂದಿನ ಸಾಲಿನಲ್ಲಿ ಅಡ್ಡಕ್ಕೆ ಹಾಯುವುದರಿಂದ ಎಳೆತ ಎರಡೂ ಕಡೆಗೆ ಹಂಚಿಹೋಗುತ್ತದೆ. ತಿರುಗಿಸಿ ನೋಡಿದರೆ ನಿಜಕ್ಕೂ ಹೆಣೆದ ಬುಟ್ಟಿ.

ಬಾಸ್ಕೆಟ್‌ವೀವ್‌ಗೂ ಒಂದು ಚೇಷ್ಟೆ ಇದೆ. ಕ್ಯಾನ್ವಾಸನ್ನು ಕಣ್ಣ ಹತ್ತಿರ ಹಿಡಿದರೆ, ಎಳೆಗಳು ದಾಟುವ ಕಡೆ ಒಮ್ಮೆ ನಿಂತ ಎಳೆ ಮೇಲೆ, ಪಕ್ಕದಲ್ಲಿ ಮಲಗಿದ ಎಳೆ ಮೇಲೆ, ಹೀಗೆ ಸರದಿ ಕಾಣುತ್ತದೆ. ನಿಂತ ಎಳೆ ಮೇಲಿರುವ ಕಡೆ ಸಾಲು ಇಳಿಯಬೇಕು, ಮಲಗಿದ ಎಳೆ ಮೇಲಿರುವ ಕಡೆ ಹತ್ತಬೇಕು. ಕಂಬದಲ್ಲಿ ಜಾರಿ ಇಳಿ, ಮೆಟ್ಟಿಲಲ್ಲಿ ಹತ್ತು ಅಂತ ನಾವು ನೆನಪಿಟ್ಟುಕೊಂಡಿದ್ದೇವೆ. ಒಂದು ಸಂಜೆ ಮಾತಿನ ಭರದಲ್ಲಿ ನಾನು ಸಾಲು ಮುಗಿಸಿ ಸೂಜಿ ಇಟ್ಟೆ. ಮರುವಾರ ಬಂದು, ನೋಡದೆ, ಮತ್ತೆ ಹತ್ತುವ ಸಾಲನ್ನೇ ಹಾಕಿದೆ. ಹಗಲಿನಲ್ಲಿ ಏನೂ ಕಾಣಲಿಲ್ಲ. ರಾತ್ರಿ ಟೇಬಲ್ ಲ್ಯಾಂಪಿನ ಬೆಳಕು ಪಕ್ಕದಿಂದ ಬಿದ್ದಾಗ ಬೂದು ಹಿನ್ನೆಲೆಯ ಉದ್ದಕ್ಕೂ ಉಗುರಿನಲ್ಲಿ ಗೀರಿದ ಹಾಗೆ ಒಂದು ಗೆರೆ. ಹದಿನೊಂದು ಸಾಲು ಬಿಚ್ಚಿದೆ. ಈಗ ಸಾಲಿನ ನಡುವೆಯೇ ಸೂಜಿ ನಿಲ್ಲಿಸಿ ಏಳುತ್ತೇನೆ. ಯಾವ ಕಡೆ ಹೊರಟಿದ್ದೆ ಅಂತ ಅದೇ ಹೇಳುತ್ತದೆ.

ದಾರದ ವಿಷಯದಲ್ಲಿ ದಿಂಬಿಗೆ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಉಣ್ಣೆಯೇ. ಟ್ಯಾಪೆಸ್ಟ್ರಿ ಉಣ್ಣೆ ಒಂದೇ ಗುಂಡು ದಾರ, ಬಿಡಿಸಲು ಬರುವುದಿಲ್ಲ, 12 ರಂಧ್ರಕ್ಕೆ ಅಳತೆ ತೆಗೆದ ಹಾಗೆ ಕೂರುತ್ತದೆ. ದಾರ ತಯಾರಿಸುವ ಡಿಎಂಸಿ ಕಂಪನಿಯವರ ಲಡಿ 8 ಮೀಟರಿನದು, ಹಾಗಾಗಿ ಚೌಕದ ಲೆಕ್ಕ ಹಿಡಿದು ಹಿನ್ನೆಲೆಗೆ ಎಷ್ಟು ಲಡಿ ಬೇಕು ಅಂತ ಮೊದಲೇ ತಿಳಿಯಿತು. ಎಲ್ಲವನ್ನೂ ಒಂದೇ ಡೈ ಲಾಟಿನಲ್ಲಿ, ಅಂದರೆ ಒಟ್ಟಿಗೇ ಬಣ್ಣ ಹಾಕಿದ ಕಂತಿನಲ್ಲಿ ತಗೊಳ್ಳಿ, ಬೂದುಬಣ್ಣದಲ್ಲಿ ಕೂದಲೆಳೆಯ ವ್ಯತ್ಯಾಸವೂ ಎದ್ದು ಕಾಣುತ್ತದೆ. ಎಲೆಗಳಿಗೆ ಮಾತ್ರ ಪರ್ಶಿಯನ್ ಉಣ್ಣೆ ಗೆದ್ದಿತು. ಅದು ಮೂರು ಬಿಡಿ ಎಳೆಗಳ ದಾರ, ಈ ಕ್ಯಾನ್ವಾಸಿಗೆ ಎರಡು ಸಾಕು. ಒಂದು ಎಳೆ ಕಡುಹಸಿರು, ಒಂದು ತಿಳಿಹಸಿರು ಸೇರಿಸಿ ಪೋಣಿಸಿದರೆ ಎಲ್ಲೂ ಸಿಗದ ನಡುವಿನ ಹಸಿರು ಸಿಗುತ್ತದೆ. ಉಣ್ಣೆಯ ತುಂಡು ಒಂದೂವರೆ ಅಡಿಗಿಂತ ಉದ್ದ ಬೇಡ. ರಂಧ್ರಕ್ಕೆ ಉಜ್ಜಿ ಉಜ್ಜಿ ಕೊನೆಗೆ ದಾರ ಬಡಕಲಾಗುತ್ತದೆ.

ಹಿನ್ನೆಲೆಗೆ ಬಾರ್ಜೆಲ್ಲೊ ಹಾಕು ಅಂತ ನಮ್ಮ ದೊಡ್ಡಕ್ಕನ ಹಟ. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು, ನಮಗೆಲ್ಲ ದೊಡ್ಡಕ್ಕ. “ನಿನ್ನ ಹುಳದ ಹೊಲಿಗೆಯಲ್ಲಿ ಮುದುಕಿ ಆಗ್ತೀಯ ಕಣೇ, ಇದನ್ನ ಹಾಕು, ಹದಿನೈದು ದಿನಕ್ಕೆ ಮುಗಿಯುತ್ತೆ” ಅಂದರು. ಫ್ಲಾರೆನ್ಸಿನ ಬಾರ್ಜೆಲ್ಲೊ ಅರಮನೆಯ ಹಳೇ ಕುರ್ಚಿಗಳಿಂದ ಹೆಸರು ಪಡೆದ ಹೊಲಿಗೆ ಇದು. ಕ್ಯಾನ್ವಾಸಿನ ನಾಲ್ಕು ಎಳೆ ದಾಟುವ ನೆಟ್ಟನೆಯ ಹೊಲಿಗೆ, ಪಕ್ಕದ್ದು ಎರಡು ಎಳೆ ಮೇಲೋ ಕೆಳಗೋ, ಅಲೆ ಅಲೆಯಾಗಿ. ವೇಗದ ಮಾತು ನಿಜ. ಟೆಂಟ್ ಚೌಕಕ್ಕೆ ಒಂದು ಸಂಜೆ ಪೂರ್ತಿ ಹೋಗಿತ್ತು, ಇದು ಅರ್ಧ ಗಂಟೆಯ ಮೇಲೆ ಸ್ವಲ್ಪ ಹೊತ್ತಿನಲ್ಲಿ ಮುಗಿಯಿತು.

ಆದರೆ ಅದೇ ಟ್ಯಾಪೆಸ್ಟ್ರಿ ಉಣ್ಣೆಯಲ್ಲಿ ಸಾಲುಗಳ ನಡುವೆ ಬಿಳಿ ಕ್ಯಾನ್ವಾಸು ಹಲ್ಲು ಕಿರಿಯುತ್ತಿತ್ತು. ನೆಟ್ಟನೆಯ ಹೊಲಿಗೆ ರಂಧ್ರದಿಂದ ರಂಧ್ರಕ್ಕೆ ಎಳೆಗಳ ಜೊತೆಗೇ ಸಾಗುತ್ತದೆ, ಓರೆ ಹೊಲಿಗೆಯ ಹಾಗೆ ದಾಟುವ ಜಾಗವನ್ನು ಹೊದ್ದುಕೊಳ್ಳುವುದಿಲ್ಲ. ಅದಕ್ಕೆ ದಪ್ಪ ದಾರ ಬೇಕು. ಪರ್ಶಿಯನ್ನಿನ ಮೂರೂ ಎಳೆ ಹಾಕಿದ ಮೇಲೆ ಮುಚ್ಚಿತು. ಇನ್ನೊಂದು ತೊಂದರೆ ಗುಂಪಿನದ್ದು. ಬಾರ್ಜೆಲ್ಲೊದಲ್ಲಿ ಮೊದಲ ಸಾಲೇ ಯಜಮಾನ. ಅಲ್ಲಿ ಒಂದು ಹೊಲಿಗೆ ತಪ್ಪಿದರೆ ಮುಂದಿನ ಸಾಲುಗಳೆಲ್ಲ ನಿಯತ್ತಾಗಿ ಅದೇ ತಪ್ಪನ್ನು ಹೊತ್ತು ನಡೆಯುತ್ತವೆ. ದೊಡ್ಡಕ್ಕ ಕಥೆ ಹೇಳುತ್ತ ಹೇಳುತ್ತ ಎಣಿಸಬಲ್ಲರು. ನನ್ನ ಕೈಲಿ ಆಗುವುದಿಲ್ಲ. ಜೊತೆಗೆ ಆ ಉದ್ದ ಹೊಲಿಗೆಗಳಿಗೆ ಉಂಗುರ, ಬಳೆ, ಬೆಕ್ಕಿನ ಉಗುರು ಏನು ಬೇಕಾದರೂ ಸಿಕ್ಕಿಕೊಳ್ಳುತ್ತದೆ. ದಿಂಬಿಗೆ ಬಾಸ್ಕೆಟ್‌ವೀವ್ ಅಂತ ತೀರ್ಮಾನಿಸಿದೆ. ದೊಡ್ಡಕ್ಕ ಇನ್ನೂ ಒಪ್ಪಿಲ್ಲ.

ಕೊಳದ ಚಿತ್ರಕ್ಕೆ ಬಂದಾಗ ಈ ಲೆಕ್ಕವೆಲ್ಲ ತಲೆಕೆಳಗಾಯಿತು. ಗೋಡೆಯ ಮೇಲಿರುವುದಕ್ಕೆ ಸವೆತದ ಭಯವಿಲ್ಲ, ಬೆಳಕು ಹೇಗೆ ಬೀಳುತ್ತದೆ ಅನ್ನುವುದೇ ಮುಖ್ಯ. ಹಾಗಾಗಿ ಒಂದೇ ನೀಲಿಯನ್ನು ಮೂರು ದಾರದಲ್ಲಿ ಹುಡುಕಿದೆ: ಆರು ಎಳೆಯ ಸ್ಟ್ರಾಂಡೆಡ್ ಕಾಟನ್, ಹುರಿಹಾಕಿದ ಪರ್ಲ್ ಕಾಟನ್ 5ನೇ ನಂಬರು, ಮತ್ತು ಎಳೆ ಬಿಡಿಸುವ ರೇಷ್ಮೆ.

ರೇಷ್ಮೆಯನ್ನು ಸ್ಕಾಚ್ ಹೊಲಿಗೆಯಲ್ಲಿ ಹಾಕಿದೆ. ಕ್ಯಾನ್ವಾಸಿನ ಮೂರು ಎಳೆಯ ಪುಟ್ಟ ಚೌಕದಲ್ಲಿ ಐದು ಓರೆ ಹೊಲಿಗೆ, ಒಂದು, ಎರಡು, ಮೂರು, ಮತ್ತೆ ಎರಡು, ಒಂದು ಅಂತ ಉದ್ದ. ಪಕ್ಕದ ಚೌಕವನ್ನು ಎದುರು ಓರೆಗೆ ಹಾಕಿದರೆ ತಮಾಷೆ ನೋಡಬೇಕು: ದಾರ ಒಂದೇ, ಬಣ್ಣ ಎರಡು! ರೇಷ್ಮೆ ನುಣ್ಣಗೆ ಮಲಗಿದ ದಿಕ್ಕಿಗೆ ಬೆಳಕನ್ನು ತಿರುಗಿಸುತ್ತದೆ, ಒಂದು ಚೌಕ ಹೊಳೆಯುವಾಗ ಪಕ್ಕದ್ದು ಮಂಕು, ತಲೆ ಓರೆ ಮಾಡಿದರೆ ಅದಲುಬದಲು. ಏಳೂ ಜನ ಆ ತುಂಡನ್ನು ಕೈಯಿಂದ ಕೈಗೆ ದಾಟಿಸಿ, ಇದೇ ಇರಲಿ ಅಂದರು. ನಾನು ಎದುರುಗೋಡೆಗೆ ಒರಗಿಸಿಟ್ಟು ಆರು ಹೆಜ್ಜೆ ಹಿಂದೆ ಬಂದೆ. ಅದು ನೀರಲ್ಲ, ಈಗ ತಾನೇ ಒರೆಸಿದ ಟೈಲ್ಸ್ ನೆಲ. ಕೈಯಳತೆಯಲ್ಲಿ ನೋಡಿ ಹೊಲಿಗೆ ಆರಿಸಿದರೆ ಆಗುವ ಮೋಸ ಇದು. ಗುಂಪಿನಲ್ಲಿ ಇದು ಇನ್ನೂ ಹೆಚ್ಚು, ಯಾಕೆಂದರೆ ಅಲ್ಲಿ ಎಲ್ಲರೂ ಮೂಗಿನ ಹತ್ತಿರ ಹಿಡಿದೇ ಹೊಗಳುವುದು.

ಕ್ಯಾನ್ವಾಸನ್ನು ಅಡ್ಡಕ್ಕೆ ತಿರುಗಿಸಿ ಬ್ರಿಕ್ ಹೊಲಿಗೆ ಹಾಕಿದಾಗ ನೀರು ಬಂತು. ಇಟ್ಟಿಗೆ ಗೋಡೆಯ ಹಾಗೆ ಅರ್ಧರ್ಧ ಸರಿದ ಚಿಕ್ಕ ಹೊಲಿಗೆಗಳು, ಚಿತ್ರ ನೇರ ಹಿಡಿದಾಗ ಎಲ್ಲ ಮಲಗಿದ ಗೆರೆ. ಪರ್ಲ್ ಕಾಟನ್ನಿನಲ್ಲಿ ಹುರಿಯ ಗಂಟುಗಂಟು ಮೇಲೆ ಬೆಳಕು ಒಡೆದು ಸಣ್ಣ ತೆರೆಯ ಹಾಗೆ ಕಂಡಿತು. ಸ್ಟ್ರಾಂಡೆಡ್ ಕಾಟನ್ನಿನಲ್ಲಿ ಅದೇ ಹೊಲಿಗೆ ನಿಂತ ನೀರು. ಆದರೆ ಅದಕ್ಕೆ ದುಡಿಮೆ ಜಾಸ್ತಿ. ಟೆಂಟ್ ಹೊಲಿಗೆಗೆ ನಾಲ್ಕು ಎಳೆ ಸಾಕಾದ ಕಡೆ ಇಲ್ಲಿ ಆರೂ ಬೇಕಾಯಿತು. ಲಡಿಯಿಂದ ಬಂದ ಹಾಗೇ ಪೋಣಿಸಿದರೆ ಎಳೆಗಳು ಒಂದರ ಮೇಲೊಂದು ಏರಿ ಹಗ್ಗವಾಗುತ್ತವೆ. ಒಂದೊಂದೇ ಎಳೆ ಹೊರಗೆಳೆದು, ಮತ್ತೆ ಜೋಡಿಸಿ, ಪ್ರತಿ ಹೊಲಿಗೆ ಬಿಗಿಯುವಾಗಲೂ ಕೆಳಗೆ ಇನ್ನೊಂದು ದಪ್ಪ ಸೂಜಿ ಹಿಡಿದು ಎಳೆಗಳನ್ನು ಪಕ್ಕಪಕ್ಕ ಮಲಗಿಸಬೇಕು. ಇದು ಮನೆಯಲ್ಲಿ ಒಬ್ಬಳೇ ಕೂತು ಬಾಯಿ ಮುಚ್ಚಿ ಮಾಡುವ ಕೆಲಸ. ಗುಂಪಿಗೆ ಪರ್ಲ್ ಕಾಟನ್ನೇ ಸರಿ, ಮಾತು ಎತ್ತ ಹೋದರೂ ಅದು ಒಂದೇ ಸಮ ಬೀಳುತ್ತದೆ.

ಕೊನೆಗೆ ಎರಡನ್ನೂ ಇಟ್ಟುಕೊಂಡೆ. ಕೊಳದ ನಡುಭಾಗ ಸ್ಟ್ರಾಂಡೆಡ್, ಬಾತಿನ ಎದೆ ಸೀಳಿಕೊಂಡು ಬರುವ ಜಾಗದಲ್ಲಿ ಪರ್ಲ್. ತಿರಸ್ಕೃತ ರೇಷ್ಮೆ ಸ್ಕಾಚ್ ಹೊಲಿಗೆಗೆ ರೆಕ್ಕೆಯಲ್ಲಿ ಜಾಗ ಸಿಕ್ಕಿತು. ಅಲ್ಲಿ ಆ ಹೊಳಪು-ಮಂಕಿನ ಆಟ ಗರಿಯ ಮೇಲೆ ಗರಿಯಂತೆ ಒಪ್ಪಿತು.

ಹೊಳೆಯುವ ಲೋಹದ ದಾರವನ್ನೂ ನೀರಿನ ಅಂಚಿಗೆ ನಾಲ್ಕು ಗೆರೆಯಷ್ಟು ಬಳಸಿದೆ. ಗೆಳತಿಯೊಬ್ಬಳಿಗೆ ಇಲ್ಲಿ ಎಡವಟ್ಟಾಯಿತು. ಪರ್ಲ್ ಕಾಟನ್ನಿನಲ್ಲಿ ನಂಬರು ಹೆಚ್ಚಿದಷ್ಟೂ ದಾರ ಸಣ್ಣ, 3 ದಪ್ಪ, 12 ತೆಳು. ಕ್ರೈನಿಕ್ ಕಂಪನಿಯ ಬ್ರೇಡುಗಳಲ್ಲಿ, ಅಂದರೆ ಹೆಣೆದ ಲೋಹದ ದಾರಗಳಲ್ಲಿ, ಉಲ್ಟಾ, 4 ಸಣ್ಣ, 32 ದಪ್ಪ. ಅವಳು ಸಣ್ಣದು ಬೇಕು ಅಂತ 16 ತರಿಸಿಕೊಂಡಳು. 18 ರಂಧ್ರಕ್ಕೆ ಅದು ಇಲಿಬಿಲದಲ್ಲಿ ಬೆಕ್ಕು. 8ನೆಯದು ಹಿತವಾಗಿ ಹಾಯುತ್ತದೆ. ಒಂದು ಅಡಿಗಿಂತ ಉದ್ದ ಕತ್ತರಿಸಬೇಡಿ, ತುದಿ ಬಿಚ್ಚಿಕೊಂಡು ಪೊರಕೆಯಾಗುತ್ತದೆ.

ಬಣ್ಣ ಬದಲಾಗುತ್ತ ಹೋಗುವ ದಾರವನ್ನು ಆಕಾಶಕ್ಕೆ ಹಾಕೋಣ ಅಂತ ಎಲ್ಲರಿಗೂ ಆಸೆ. ಅಡ್ಡಸಾಲಿನ ಕಾಂಟಿನೆಂಟಲ್‌ನಲ್ಲಿ ಅದು ಪಟ್ಟೆಪಟ್ಟೆ ಪೈಜಾಮ. ಬಾಸ್ಕೆಟ್‌ವೀವ್‌ನಲ್ಲಿ ಬಣ್ಣ ಓರೆಯಾಗಿ ಚದುರಿ ಮೋಡದ ಹಾಗೆ ಆಗುತ್ತದೆ. ಇದರಲ್ಲಿ ನಮ್ಮೊಳಗೆ ಭಿನ್ನಾಭಿಪ್ರಾಯವೇ ಇರಲಿಲ್ಲ, ಅಪರೂಪಕ್ಕೆ.

ಇನ್ನೊಂದು ಪ್ರಯೋಗವನ್ನು ಬೇಕಂತಲೇ ಮಾಡಿದೆವು. ಒಂದೇ ಚೌಕ, ಒಂದೇ ಉಣ್ಣೆ, ಒಂದೇ 20ನೇ ನಂಬರಿನ ಸೂಜಿ, ಎಡ ಅರ್ಧ ನಾನು, ಬಲ ಅರ್ಧ ದೊಡ್ಡಕ್ಕ. ನನ್ನ ಕೈ ಬಿಗಿ, ಅವರದು ಸಡಿಲ. ನಡುವೆ ಗೋಡೆ ಕಟ್ಟಿದ ಹಾಗೆ ಗೆರೆ ಮೂಡಿತು, ಅವರ ಕಡೆ ಉಣ್ಣೆ ಉಬ್ಬಿಕೊಂಡು ಒಂದು ಛಾಯೆ ತಿಳಿಯಾಗಿ ಕಾಣುತ್ತಿತ್ತು. “ನೋಡು, ನನ್ನ ಕಡೆ ದಾರಕ್ಕೆ ಉಸಿರಾಡೋಕೆ ಜಾಗ ಇದೆ” ಅಂದರು. ಅಂದಿನಿಂದ ಒಬ್ಬರ ಹಿನ್ನೆಲೆಗೆ ಇನ್ನೊಬ್ಬರು ಕೈ ಹಾಕುವುದನ್ನು ನಿಲ್ಲಿಸಿದ್ದೇವೆ.

ಈಗ ದಿಂಬು ಮುಕ್ಕಾಲು ಮುಗಿದಿದೆ, ಅದನ್ನು ಗುಂಪಿಗೆ ಒಯ್ಯುತ್ತೇನೆ. ಬಾತುಕೋಳಿ ಮನೆಯಲ್ಲೇ ಇರುತ್ತದೆ. ಅದಕ್ಕೆ ಕಣ್ಣೊಂದು ಬಾಕಿ. ಕಪ್ಪು ರೇಷ್ಮೆಯಲ್ಲಿ ಫ್ರೆಂಚ್ ನಾಟ್ (ಸೂಜಿಗೆ ದಾರ ಸುತ್ತಿ ಹಾಕುವ ಪುಟ್ಟ ಗಂಟು) ಹಾಕು, ಉಬ್ಬಿ ನಿಂತರೆ ಜೀವ ಬರುತ್ತೆ ಅಂತ ದೊಡ್ಡಕ್ಕ. ಒಂದೇ ಒಂದು ಟೆಂಟ್ ಹೊಲಿಗೆ ಸಾಕು ಅಂತ ನಾನು. ತುಂಡು ಕ್ಯಾನ್ವಾಸಿನ ಮೂಲೆಯಲ್ಲಿ ಎರಡನ್ನೂ ಪಕ್ಕಪಕ್ಕ ಹಾಕಿಟ್ಟಿದ್ದೇನೆ. ಹಾದುಹೋಗುವಾಗಲೆಲ್ಲ ಎರಡೂ ನನ್ನನ್ನೇ ನೋಡುತ್ತಿವೆ, ಒಂದು ದೊಡ್ಡದಾಗಿ, ಒಂದು ಚಿಕ್ಕದಾಗಿ.