ಹೋಲ್ಡ್‌ನಲ್ಲಿ 42 ನಿಮಿಷ: ವಿದೇಶಿ ಕರೆಗೆ ನಾನು ಹಿಡಿದ ನಾಲ್ಕು ದಾರಿ

ಪೋಸ್ಟ್‌ಪೇಯ್ಡ್ ಬಿಲ್‌ನಲ್ಲಿ ಒಂದೇ ಒಂದು ಕರೆಗೆ 564 ರೂಪಾಯಿ ಬಿದ್ದಿತ್ತು. ಅದರ ಮೇಲೆ 18% ಜಿಎಸ್‌ಟಿ. ಕರೆ ನಡೆದದ್ದು 47 ನಿಮಿಷ, ನಾನು ಮಾತಾಡಿದ್ದು ಐದು ನಿಮಿಷ. ಉಳಿದ 42 ನಿಮಿಷ ಅದೇ ಪಿಯಾನೋ ಟ್ಯೂನ್ ಕೇಳುತ್ತಾ ಕೂತಿದ್ದೆ.

ಅಮೆರಿಕದಲ್ಲಿ ಕೆಲಸ ಮಾಡುವಾಗ ತೆರೆದ ನಿವೃತ್ತಿ ಖಾತೆ ಇನ್ನೂ ಅಲ್ಲೇ ಇದೆ. ಅದರ ವಿಳಾಸ ಬದಲಿಸಬೇಕಿತ್ತು. 1-800 ನಂಬರ್, ಟೋಲ್ ಫ್ರೀ ಅಲ್ವಾ ಅಂತ ಧೈರ್ಯವಾಗಿ ಒತ್ತಿದೆ. ಅದು ಅಲ್ಲಿಯವರಿಗೆ ಫ್ರೀ. ವಿಜಯನಗರದ ಬಾಲ್ಕನಿಯಿಂದ ಮಾಡುವವನಿಗೆ ಶುದ್ಧ ಐಎಸ್‌ಡಿ. ಪ್ಲಾನ್ ಹೆಸರಲ್ಲಿ ‘ಅನ್‌ಲಿಮಿಟೆಡ್’ ಇತ್ತು ನಿಜ. ಆ ಅನ್‌ಲಿಮಿಟೆಡ್ ಲೋಕಲ್ ಮತ್ತು ಎಸ್‌ಟಿಡಿಗೆ ಮಾತ್ರ ಅಂತ ಬಿಲ್ ಬಂದ ಮೇಲೆ ಓದಿದೆ.

ಆಮೇಲೆ ಎರಡು ತಿಂಗಳು ಒಂದೊಂದೇ ದಾರಿ ಪ್ರಯತ್ನಿಸಿದೆ.

ಮೊದಲು ವಾಟ್ಸಾಪ್. ಇದರ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. ಆ ಕಡೆ ಮನುಷ್ಯರಿದ್ದರೆ ಇದೇ ಸಾಕು, ಡೇಟಾ ಬಿಟ್ಟು ಬೇರೆ ಖರ್ಚಿಲ್ಲ. ತೊಡಕು ಎರಡೇ. ಬ್ಯಾಂಕಿನ ಲ್ಯಾಂಡ್‌ಲೈನ್‌ಗೆ ಇದರಿಂದ ಫೋನ್ ಮಾಡಲಾಗದು. ಇನ್ನೊಂದು, ದುಬೈ. ತಂಗಿ ಅಲ್ಲಿದ್ದಾಳೆ. ರಿಂಗ್ ಆಗುತ್ತದೆ, ಅವಳು ಎತ್ತುತ್ತಾಳೆ, ‘ಕನೆಕ್ಟಿಂಗ್’ ಅಂತ ತೋರಿಸುತ್ತಾ ಅಲ್ಲೇ ನಿಲ್ಲುತ್ತದೆ. ಯುಎಇಯಲ್ಲಿ ವಾಟ್ಸಾಪ್ ಕರೆಗೆ ತಡೆ ಇದೆ. ಮೆಸೇಜ್, ವಾಯ್ಸ್ ನೋಟ್ ಆರಾಮಾಗಿ ಹೋಗುತ್ತವೆ. ಅವಳ ಹತ್ತಿರ ಈಗ ಬೋಟಿಮ್ ಅನ್ನುವ ಕರೆ ಆ್ಯಪ್‌ನಲ್ಲಿ ಮಾತು. ಜೂಮ್ ಕೂಡ ಅಲ್ಲಿ ನಡೆಯುತ್ತದೆ.

ಎರಡನೆಯದು ಐಎಸ್‌ಡಿ ಪ್ಯಾಕ್. ತಿಂಗಳಿಗೆ ಒಂದಿಷ್ಟು ಕಟ್ಟಿದರೆ ನಿಮಿಷದ ದರ ಚೆನ್ನಾಗಿಯೇ ಇಳಿಯುತ್ತದೆ. ಧ್ವನಿ ನಾಲ್ಕರಲ್ಲೂ ಇದರದ್ದೇ ಮೇಲು; ಕರೆಂಟ್ ಹೋಗಿ ವೈಫೈ ಸತ್ತರೂ ಕರೆ ಕಟ್ ಆಗುವುದಿಲ್ಲ. ಆದರೆ ಪಟ್ಟಿಯಲ್ಲಿರುವ ದೇಶಕ್ಕೆ ಮಾತ್ರ ಅನ್ವಯ. ‘+1’ ಇದ್ದರೆ ಅಮೆರಿಕ ಅಂದುಕೊಳ್ಳಬೇಡಿ. ಕೆನಡಾಕ್ಕೂ ಅದೇ, ಜಮೈಕಾಕ್ಕೂ +1-876. ಅರ್ಧ ರಿಂಗ್ ಕೊಟ್ಟು ಕಟ್ ಮಾಡಿ, ನಾವೇ ತಿರುಗಿ ಫೋನ್ ಮಾಡಲಿ ಅಂತ ಕಾಯುವ ಮೋಸಗಾರರಿಗೂ ಇಂಥ ಕೋಡ್‌ಗಳೆಂದರೆ ಇಷ್ಟ. ನನಗೆ ಪ್ಯಾಕ್ ಒಗ್ಗಲಿಲ್ಲ. ಎರಡು ತಿಂಗಳಿಗೊಂದು ಕರೆ ಮಾಡುವವನು ತಿಂಗಳ ಬಾಡಿಗೆ ಯಾಕೆ ಕಟ್ಟಬೇಕು? ದಿನಾ ಅರ್ಧ ಗಂಟೆ ಮಾತಾಡುವವರಿಗೆ ಲೆಕ್ಕ ಬೇರೆ.

ಮೂರನೆಯದು ವೈಬರ್ ಔಟ್, ಅಂದರೆ ವೈಬರ್ ಆ್ಯಪ್‌ನಿಂದ ಸಾದಾ ಫೋನ್ ನಂಬರ್‌ಗೆ ಕರೆ ಮಾಡುವ ಸೇವೆ. ದುಡ್ಡು ಮೊದಲೇ ಹಾಕಬೇಕು, ಲ್ಯಾಂಡ್‌ಲೈನ್‌ಗೂ ಕರೆ ಹೋಗುತ್ತದೆ. ಕ್ರೆಡಿಟ್ ಮುಗಿದರೆ ಕರೆಯೂ ಮುಗಿಯಿತು, ಅದಕ್ಕಿಂತ ಜಾಸ್ತಿ ಕೈ ಸುಡುವುದಿಲ್ಲ. ಮುಂಚೆ ಈ ಕೆಲಸಕ್ಕೆ ಸ್ಕೈಪ್ ಇತ್ತು, 2025ರ ಮೇ 5ಕ್ಕೆ ಮುಚ್ಚಿತು.

ನಾಲ್ಕನೆಯದು, ಅಮೆರಿಕದಲ್ಲಿದ್ದಾಗಲೇ ತೆಗೆದುಕೊಂಡಿದ್ದ ಗೂಗಲ್ ವಾಯ್ಸ್ ನಂಬರ್, ಅಂದರೆ ಇಂಟರ್‌ನೆಟ್ ಮೂಲಕ ಕರೆ ಮಾಡಲು ಗೂಗಲ್ ಕೊಡುವ ಅಲ್ಲಿನ ನಂಬರ್. ಇಲ್ಲಿ ಕೂತು ಹೊಸದಾಗಿ ತೆಗೆಯುವುದು ಕಷ್ಟ, ಅಮೆರಿಕದ ಫೋನ್ ನಂಬರ್ ಕೇಳುತ್ತದೆ. ನನ್ನಂತೆ ವಾಪಸ್ ಬಂದವರಿಗೆ ಮಾತ್ರ ಇದು ಚಿನ್ನ. ವೈಫೈ ಮೇಲೆ ಅಮೆರಿಕಕ್ಕೆ ಮಾಡಿದ ಕರೆಗೆ ನನಗೆ ಒಂದು ಪೈಸೆಯೂ ಬೀಳಲಿಲ್ಲ. ಒಂದೇ ಒಂದು ಗುಂಡಿ ನೋಡಿಕೊಳ್ಳಬೇಕು. ಸೆಟ್ಟಿಂಗ್‌ನಲ್ಲಿ ಕರೆ ‘ವೈಫೈ ಮತ್ತು ಡೇಟಾ’ ಮೇಲೆ ಹೋಗುವಂತಿರಲಿ. ‘ಕ್ಯಾರಿಯರ್’ ಅಂತಿದ್ದರೆ ಸಿಮ್ ಮೂಲಕ ಹೊರಟು, ಮತ್ತೆ ಐಎಸ್‌ಡಿ ಬಿಲ್.

ಇದೇ ಗೊಂದಲ ಫೋನಿನ ‘ವೈಫೈ ಕಾಲಿಂಗ್’ನಲ್ಲೂ ಇದೆ. ಹೆಸರಲ್ಲಿ ವೈಫೈ ಇದೆ ಅಂತ ಫ್ರೀ ಅಲ್ಲ. ಅದು ಟವರ್ ಬದಲು ಮನೆಯ ಇಂಟರ್‌ನೆಟ್ ಮೂಲಕ ಅದೇ ಕಂಪನಿಗೆ ತಲುಪುವ ಕರೆ ಅಷ್ಟೇ. ವಿದೇಶಿ ನಂಬರ್ ಒತ್ತಿದರೆ ಐಎಸ್‌ಡಿ ದರವೇ. ಆಫೀಸಿನ ಗೆಳೆಯನೊಬ್ಬ ಇದನ್ನು ನಂಬದೆ ನನ್ನ ಜೊತೆ ವಾದಕ್ಕೇ ಬಿದ್ದಿದ್ದ, ಬಿಲ್ ಬರುವವರೆಗೆ.

ಅಮ್ಮನ ಕಥೆ ಬೇರೆ. ಅವರ ಫೋನಲ್ಲಿ ತಂಗಿಯ ಹೆಸರು ಒತ್ತಿದರೆ ಮೇಲೆ ಸಾದಾ ಕರೆಯ ಗುರುತು, ಕೆಳಗೆ ವಾಟ್ಸಾಪ್, ಬೋಟಿಮ್‌ನದು. ಕನ್ನಡಕ ಇಲ್ಲದಿದ್ದರೆ ಬೆರಳು ಮೇಲಿನದಕ್ಕೇ ಹೋಗುತ್ತದೆ. ಅವರದು ಪ್ರಿಪೇಯ್ಡ್, ಹಾಗಾಗಿ ಉಳಿದುಕೊಂಡೆವು. ಐಎಸ್‌ಡಿ ಕರೆಗೆ ದುಡ್ಡು ಹೋಗುವುದು ಮುಖ್ಯ ಬ್ಯಾಲೆನ್ಸ್‌ನಿಂದ. 10 ರೂಪಾಯಿ ಟಾಪ್‌ಅಪ್ ಹಾಕಿದರೆ ಅದರಲ್ಲಿ ಬರುವುದು 7.47 ರೂಪಾಯಿ ಟಾಕ್‌ಟೈಮ್. ಅಷ್ಟನ್ನೂ ಹಾಕದೆ ಬ್ಯಾಲೆನ್ಸ್ ಸೊನ್ನೆಯಲ್ಲೇ ಇಟ್ಟಿದ್ದೇನೆ. ತಪ್ಪಿ ಒತ್ತಿದರೆ ‘ಬ್ಯಾಲೆನ್ಸ್ ಸಾಲದು’ ಅನ್ನುವ ಹೆಣ್ಣು ದನಿ ಬರುತ್ತದೆ. ಅಮ್ಮ ಅವಳಿಗೆ ಬೈದು, ಕೆಳಗಿನದನ್ನು ಒತ್ತುತ್ತಾರೆ.

ನನ್ನ ಪೋಸ್ಟ್‌ಪೇಯ್ಡ್‌ನಲ್ಲಿ ಈಗ ಐಎಸ್‌ಡಿಯನ್ನೇ ತೆಗೆಸಿದ್ದೇನೆ. ಮೊನ್ನೆ ಮತ್ತೆ ಅದೇ ಕಚೇರಿಗೆ ಮಾತಾಡಬೇಕಾಯ್ತು. ಸಂಜೆ 6:30, ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 9. ಗೂಗಲ್ ವಾಯ್ಸ್ ತೆರೆದು, ಸ್ಪೀಕರ್ ಹಾಕಿ, ಫೋನನ್ನು ಅಡುಗೆಮನೆ ಕಟ್ಟೆ ಮೇಲಿಟ್ಟೆ. 31 ನಿಮಿಷ ಅದೇ ಪಿಯಾನೋ. ಅಷ್ಟರಲ್ಲಿ ಅರ್ಧ ಕೆಜಿ ಅವರೆಕಾಯಿ ಸುಲಿದು ಮುಗಿದಿತ್ತು.