ಗೋಡೆಗೆ ಪೂರ್ಣ ಅಂಕ, ಬಚ್ಚಲಿಗೆ ಸೊನ್ನೆ

ಗುಳೇದಗುಡ್ಡದ ನಮ್ಮ ಹಳೆಯ ಮನೆಯನ್ನು ದುರಸ್ತಿ ಮಾಡಿಕೊಟ್ಟ ಗೌಂಡಿಗಳ ಬಗ್ಗೆ ಇದು. ತಂಡಕ್ಕೆ ಹೆಸರಿಲ್ಲ, ಬೋರ್ಡಿಲ್ಲ, ರಸೀದಿ ಪುಸ್ತಕವಂತೂ ಇಲ್ಲವೇ ಇಲ್ಲ. ಬಾದಾಮಿ ಕಡೆಯ ಹಳ್ಳಿಯೊಂದರ ಹಿರಿಯ ಗೌಂಡಿ, ಅವರ ಅಳಿಯ, ಕೆಲವು ಆಳುಗಳು, ಹಿಂದಿನ ದೀಪ ಒಡೆದ ಒಂದು ಟಂಟಂ. ಸುಣ್ಣದ ಗಾರೆ, ಮಣ್ಣಿನ ಮಾಳಿಗೆ, ಕಲ್ಲಿನ ಕೆಲಸ, ಈ ಮೂರಕ್ಕೆ ಇವರನ್ನು ಕಣ್ಣು ಮುಚ್ಚಿಕೊಂಡು ಕರೆಯಬಹುದು. ಪೈಪು, ಬಚ್ಚಲು, ಇಳಿಜಾರು ಎಂದರೆ ದಯವಿಟ್ಟು ಬೇರೆಯವರನ್ನು ಹುಡುಕಿಕೊಳ್ಳಿ. ಓದುವಷ್ಟು ಸಮಯವಿಲ್ಲದವರು ಇಲ್ಲಿಗೇ ನಿಲ್ಲಿಸಬಹುದು. ಹಳೆಯ ಮನೆ ಇಟ್ಟುಕೊಂಡು ಒಡೆಯಲೋ ಉಳಿಸಲೋ ಎಂದು ಒದ್ದಾಡುತ್ತಿರುವವರು ಮುಂದೆ ಓದಲಿ.

ನಾನು ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಅಜ್ಜ ಈ ಮನೆಯಲ್ಲಿ ಖಣ ನೇಯುತ್ತಿದ್ದರು. ಇಳಕಲ್ಲ ಸೀರೆಗೆ ಗುಳೇದಗುಡ್ಡದ ಖಣವೇ ಜೋಡಿ ಎಂದು ಹೆಂಗಸರು ಹೇಳುತ್ತಿದ್ದ ಕಾಲ ಅದು. ಪಡಸಾಲೆಯಲ್ಲಿ ಕುಣಿಮಗ್ಗ, ಅದರ ಹಿಂದೆ ನಡುಮನೆ, ಅಡುಗೆಮನೆ, ಕೊನೆಗೆ ಹಿತ್ತಲು. ಹೊರಗೋಡೆ ಕೆಂಪು ಮರಳುಗಲ್ಲಿನದು, ಕಲ್ಲಿನ ನಡುವೆ ಮಣ್ಣಿನ ಗಾರೆ. ಒಳಗೆ ಮಣ್ಣು ಮೆತ್ತಿ ಸುಣ್ಣ ಬಳಿದ ಗೋಡೆ. ಮೇಲೆ ತೊಲೆ, ಜಂತಿ, ಮಣ್ಣಿನ ಮಾಳಿಗೆ. ಕಾಕಾ ತೀರಿಕೊಂಡ ಮೇಲೆ ಮನೆಗೆ ಬೀಗ ಬಿದ್ದಿತ್ತು. ಬಾವಲಿ, ಗೆದ್ದಲು ಮತ್ತು ಪಕ್ಕದ ಮನೆಯವರ ಮೇವು ಬಾಡಿಗೆಯಿಲ್ಲದೆ ವಾಸವಾಗಿದ್ದವು.

ಮೊದಲು ಬಾಗಲಕೋಟೆಯಿಂದ ಒಬ್ಬ ಗುತ್ತಿಗೆದಾರರನ್ನು ಕರೆಸಿದ್ದೆ. ಅವರು ಚಪ್ಪಲಿ ಸಹ ಬಿಡದೆ ಒಂದು ಸುತ್ತು ಹಾಕಿ, ಮೊಬೈಲ್‌ನಲ್ಲಿ ಗುಣಾಕಾರ ಮಾಡಿ, "ಎಲ್ಲ ತೆಗೆದುಬಿಡೋಣ ಸರ್, ಆರ್‌ಸಿಸಿ ಮಾಡಿ ಮೇಲೊಂದು ಮಹಡಿಯನ್ನೂ ಎಬ್ಬಿಸೋಣ" ಎಂದರು. ಇಬ್ಬರೇ ವಾಸಿಸುವ ಮನೆಗೆ ಮಹಡಿ ಏಕೆ ಎಂಬುದಕ್ಕೆ ಅವರ ಬಳಿ ಉತ್ತರವಿರಲಿಲ್ಲ. ಏಪ್ರಿಲ್ ತಿಂಗಳಲ್ಲಿ ಇಲ್ಲಿ ಕಾಂಕ್ರೀಟ್ ಚಾವಣಿಯ ಕೆಳಗೆ ಮಧ್ಯಾಹ್ನ ಕಳೆದವರಿಗೆ ಗೊತ್ತು, ರಾತ್ರಿ ಹನ್ನೊಂದರವರೆಗೂ ಅದು ಕಾವು ಬಿಡುತ್ತಲೇ ಇರುತ್ತದೆ. ನನ್ನ ಹೆಂಡತಿ ಅವರಿಗೆ ಚಹಾ ಕೊಟ್ಟು ಕಳಿಸಿದಳು.

ಹಿರಿಯ ಗೌಂಡಿ ಬಂದ ದಿನ ಚಾವಣಿ ನೋಡಲಿಲ್ಲ, ಅಳತೆ ಹಿಡಿಯಲಿಲ್ಲ. ಗೋಡೆಯ ಬುಡದಲ್ಲಿ ಕುಳಿತುಕೊಂಡರು. ಕಾಕಾ ತಮ್ಮ ಕಾಲದಲ್ಲಿ ನೆಲದಿಂದ ನಾಲ್ಕು ಅಡಿಯವರೆಗೆ ಸಿಮೆಂಟ್ ಗಿಲಾವು ಮಾಡಿಸಿದ್ದರು, ತೇವ ಬರಬಾರದೆಂದು. ಗೋಡೆ ಉದುರುತ್ತಿದ್ದದ್ದು ಸರಿಯಾಗಿ ಆ ಸಿಮೆಂಟಿನ ಮೇಲಂಚಿನಲ್ಲಿ, ಅಲ್ಲಿಯವರೆಗೆ ಒಂದು ಚೂರೂ ಇಲ್ಲ. ಕಾರಣವನ್ನು ಅವರೇ ವಿವರಿಸಿದರು. ನೆಲದ ತೇವ ಮಣ್ಣಿನ ಗೋಡೆಯೊಳಗೆ ಏರುವುದು ಸಹಜ. ಮೊದಲು ಬುಡದಲ್ಲಿಯೇ ಆರಿ ಹೋಗುತ್ತಿತ್ತು. ಸಿಮೆಂಟ್ ಅದರ ಬಾಯಿ ಕಟ್ಟಿದ್ದರಿಂದ ಆರಲು ಜಾಗ ಹುಡುಕುತ್ತ ನಾಲ್ಕು ಅಡಿ ಮೇಲೇರಿ, ಉಪ್ಪನ್ನೂ ಜೊತೆಗೆ ಒಯ್ದು, ಅಲ್ಲಿ ಸುಣ್ಣವನ್ನು ಕೆಡವುತ್ತಿತ್ತು. ಉಳಿಯಿಂದ ಒಂದು ಏಟು ಕೊಟ್ಟರು. ಸಿಮೆಂಟಿನ ಹೆಕ್ಕಳೆ ಹಿಂದಿನ ಮಣ್ಣನ್ನೂ ಕಿತ್ತುಕೊಂಡು ಬಿತ್ತು. ಕೈಯಲ್ಲಿ ಹಿಡಿದರೆ ಮಣ್ಣು ಇನ್ನೂ ಹಸಿಯಾಗಿತ್ತು, ಅದೂ ಬೇಸಿಗೆಯಲ್ಲಿ.

"ಇದನ್ನು ಪೂರ್ತಿ ತೆಗೆಯಬೇಕು ಕಾಕಾ. ಮತ್ತೆ ಸಿಮೆಂಟ್ ಹಚ್ಚಿಸುವುದಾದರೆ ನನ್ನನ್ನು ಕರೆಯಬೇಡಿ" ಎಂದರು. ಕೆಲಸ ಬೇಡವೆನ್ನುವ ಗೌಂಡಿಯನ್ನು ನಾನು ನೋಡಿದ್ದು ಅದೇ ಮೊದಲು. ಅಲ್ಲಿಯೇ ಮಾತು ಮುಗಿಸಿದೆ.

ಸುಣ್ಣದ ಕೆಲಸ ನಿಧಾನ. ಇದನ್ನು ತಿಳಿದುಕೊಂಡೇ ಇಳಿಯಬೇಕು. ಸುಟ್ಟ ಸುಣ್ಣದ ಹರಳನ್ನು ಹಿತ್ತಲಿನ ಗುಂಡಿಯಲ್ಲಿ ಹಾಕಿ ನೀರು ಬಿಟ್ಟಾಗ ಅದು ಕೊತಕೊತನೆ ಕುದಿಯುತ್ತದೆ. ಮೊಮ್ಮಕ್ಕಳಿದ್ದರೆ ಆ ದಿನ ಬೇರೆಲ್ಲಾದರೂ ಕಳಿಸಿ, ಕಣ್ಣಿಗೆ ಸಿಡಿದರೆ ಅಪಾಯ. ಆಮೇಲೆ ಅದು ನೀರಿನಡಿಯಲ್ಲಿ ವಾರಗಟ್ಟಲೆ ಕೊಳೆಯಬೇಕು. ಬೆಣ್ಣೆಯಷ್ಟು ನುಣುಪಾದ ಮೇಲೆ ಸೋಸಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಸೇರಿಸಿ ಅರೆದರು. ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಎರಡನ್ನೂ ಬೆರೆಸಿದರು. ಬೆಲ್ಲದ ಲೆಕ್ಕ ಮಾತ್ರ ನನಗೆ ಕೊನೆಯವರೆಗೂ ಹೊಂದಲಿಲ್ಲ. ಮುಧೋಳದ ಬೆಲ್ಲವೇ ಬೇಕೆಂದು ತರಿಸಿದ್ದರಲ್ಲಿ ಒಂದು ಪಾಲು ಗೋಡೆಗಿಂತ ಚಹಾಕ್ಕೆ ಹೋಗಿದೆ ಎಂಬುದು ನನ್ನ ಅಂದಾಜು. ಇರಲಿ.

ಸಿಮೆಂಟ್ ನೀರು ಕುಡಿದು ಗಟ್ಟಿಯಾಗುತ್ತದೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮರಳಿ ಕಲ್ಲಾಗುತ್ತದೆ. ಹಾಗಾಗಿ ಅವಸರ ಮಾಡಿದಷ್ಟೂ ಕೆಡುತ್ತದೆ. ಒಂದು ಕೈ ಹಚ್ಚಿ, ಗೋಣಿತಟ್ಟು ಇಳಿಬಿಟ್ಟು, ನೀರು ಚಿಮುಕಿಸಿ, ಅದು ಹದಕ್ಕೆ ಬಂದ ಮೇಲೆ ಎರಡನೆಯ ಕೈ. ಬಿಸಿಲಿಗೆ ಬೇಗ ಆರಿದ ಒಂದು ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಬಂದಿತ್ತು. ನಾನು ಗಮನಿಸಿರಲಿಲ್ಲ, ಅವರೇ ತೋರಿಸಿ, ಕೆರೆದು, ಮತ್ತೆ ಹಚ್ಚಿದರು. ಅದಕ್ಕೆ ಕೂಲಿ ಕೇಳಲಿಲ್ಲ. ಪೂರ್ಣ ಅಂಕ ಕೊಟ್ಟಿರುವುದು ಮುಖ್ಯವಾಗಿ ಇದಕ್ಕೆ.

ಸುಣ್ಣದ ಗುಣ ಹೊಗಳುವಾಗಲೆಲ್ಲ ಅವರು ಹೇಳುವ ಮಾತೊಂದಿದೆ: "ಗೋಲಗುಮ್ಮಟಕ್ಕೆ ಯಾವ ಸಿಮೆಂಟ್ ಹಾಕಿದ್ದರು, ಹೇಳಿ?" ಗುಮ್ಮಟ ಮುಗಿದದ್ದು 1656ರಲ್ಲಿ, ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಪಾಪ, ಆದಿಲ್‌ಶಾಹಿಗಳಿಗೆ ಆಯ್ಕೆಯೇ ಇರಲಿಲ್ಲ. ಈ ಮಾತನ್ನು ನಾನು ಹೇಳಿದೆ. ಅಳಿಯ ನಕ್ಕ, ಮಾವ ನಗಲಿಲ್ಲ.

ಮಾಳಿಗೆಯ ಕೆಲಸ ನನಗೆ ಅತಿ ಹೆಚ್ಚು ಕಲಿಸಿದ್ದು. ಪ್ರತಿ ವರ್ಷ ಮಿರಗ ಮಳೆಗೆ ಮೊದಲು ಮೇಲೆ ಹೊಸ ಮಣ್ಣು ಹಾಕುವುದು ನಮ್ಮ ಕಡೆಯ ಪದ್ಧತಿ. ಹಳೆಯದನ್ನು ತೆಗೆಯುವ ಪದ್ಧತಿ ಮಾತ್ರ ನಮ್ಮ ಮನೆಯಲ್ಲಿ ಇದ್ದಂತಿಲ್ಲ. ಅಗೆದು ನೋಡಿದರೆ ಒಂದು ಅಡಿಗಿಂತ ಹೆಚ್ಚು ದಪ್ಪ. ಹತ್ತು ಅಡಿ ಉದ್ದಗಲದ ಕೋಣೆಯ ಮೇಲೆ ಒಂದು ಅಡಿ ಮಣ್ಣೆಂದರೆ ನಾಲ್ಕು ಟನ್ನಿಗೂ ಮೇಲೆ, ಮಳೆ ನೆನೆದರೆ ಇನ್ನೂ ಹೆಚ್ಚು. ನಡುಮನೆಯ ತೊಲೆ ಬಾಗಿದ್ದಕ್ಕೆ ಗೆದ್ದಲೇ ಕಾರಣವೆಂದು ನಾವೆಲ್ಲ ಇಷ್ಟು ವರ್ಷ ನಂಬಿದ್ದೆವು. ತೊಲೆ ಒಳಗೆ ಗಟ್ಟಿಯಾಗಿಯೇ ಇತ್ತು, ಹೊರೆ ತಾಳದೆ ಬಾಗಿತ್ತು. ಮಣ್ಣನ್ನೆಲ್ಲ ಇಳಿಸಿ, ಕೆಟ್ಟ ಜಂತಿಗಳನ್ನಷ್ಟೇ ಬದಲಿಸಿ, ಹಲಗೆಯ ಮೇಲೆ ಬೇವಿನ ಸೊಪ್ಪು ಹರಡಿ, ಅರ್ಧ ಅಡಿ ಮಣ್ಣು ಬಡಿದು ಕೂರಿಸಿದರು. ಮೇಲಿನ ಲೇಪಕ್ಕೆ ಚೌಳು ಮಣ್ಣೇ ಆಗಬೇಕೆಂದು ಹಟ ಹಿಡಿದರು. ಬೆಳೆ ಬಾರದ ನೆಲದ ಆ ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೆನೆದಾಗ ಅದರ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚುತ್ತವೆ, ನೀರು ಕೆಳಗಿಳಿಯುವುದಿಲ್ಲ. ಹೊಲಕ್ಕೆ ಶಾಪವಾದದ್ದು ಮಾಳಿಗೆಗೆ ವರ. ಉತ್ತರಿ, ಹಸ್ತ ಎರಡೂ ಮಳೆ ಚೆನ್ನಾಗಿಯೇ ಸುರಿದವು. ಬೆಳಕಿಂಡಿಯ ಅಂಚಿನಲ್ಲಿ ಒಂದು ಕಡೆ ಹನಿಕಿತು, ಬಂದು ಸರಿಪಡಿಸಿದರು. ಉಳಿದ ಕಡೆ ಒಂದು ತೊಟ್ಟೂ ಇಲ್ಲ.

ಇನ್ನು ಮಗ್ಗದ ಕುಣಿ. ನೋಡಲು ಬಂದವರೆಲ್ಲ ಅದನ್ನು ಮುಚ್ಚಿಸಿ ಎಂದರು. ಗೌಂಡಿಯವರಿಗೆ ಅದರಲ್ಲಿ ಸುಣ್ಣ ಕೊಳೆಹಾಕುವ ಆಸೆಯಿತ್ತು. "ಅತ್ತೆಯವರು ಕಾಲಿಟ್ಟು ತುಳಿದ ಜಾಗ, ಅಲ್ಲಿ ಸುಣ್ಣ ಕುದಿಸುತ್ತೀರಾ?" ಎಂದು ನನ್ನ ಹೆಂಡತಿ ಕೇಳಿದ ಮೇಲೆ ಹಿತ್ತಲಿನಲ್ಲಿ ಅಗೆದರು. ಕೊನೆಗೆ ಕುಣಿಯ ಒಳಮೈಗೆ ಕಲ್ಲು ಕಟ್ಟಿ, ಮೇಲೆ ಅಡ್ಡಲಾಗಿ ಒಂದು ಹಲಗೆ ಹಾಕಿಕೊಟ್ಟರು. ನೇಕಾರ ಕೂರುವಂತೆಯೇ ಅಂಚಿನಲ್ಲಿ ಕುಳಿತು, ಕಾಲು ಇಳಿಬಿಟ್ಟು, ಹಲಗೆಯ ಮೇಲೆ ಲೆಕ್ಕ ಬರೆಯುತ್ತೇನೆ. ಮೊಣಕಾಲು ಮಡಚಲಾಗದವರಿಗೆ ಇಷ್ಟು ಒಳ್ಳೆಯ ಆಸನ ಯಾವ ಫರ್ನಿಚರ್ ಅಂಗಡಿಯಲ್ಲೂ ಸಿಗದು. ಈ ಉಪಾಯ ಅಳಿಯನದು. ಮಾವನಿಗಿಂತ ಅವನಿಗೆ ಕಣ್ಣು ಹೆಚ್ಚು ಓಡುತ್ತದೆ.

ಕೂಲಿಯ ವಿಷಯದಲ್ಲಿ ಒಂದು ಜಗಳವಾಯಿತು. ಗೌಂಡಿಗೆ ದಿನಕ್ಕೆ ಸಾವಿರ, ಗಂಡಾಳಿಗೆ ಆರುನೂರು, ಹೆಣ್ಣಾಳಿಗೆ ನಾನೂರು. ಮಾಳಿಗೆಯಿಂದ ಮಣ್ಣು ಇಳಿಸಿದ ಬುಟ್ಟಿಗಳಲ್ಲಿ ಬಹುಪಾಲು ಹೊತ್ತವರು ಹೆಂಗಸರು. ನನ್ನ ಹೆಂಡತಿ ಸಮ ಕೂಲಿ ಕೊಡದೆ ಬಿಡುವುದಿಲ್ಲ ಎಂದಳು. ಗೌಂಡಿ ಸಿಟ್ಟಾದರು. "ನೀವು ಕೊಟ್ಟು ಕೈ ತೊಳೆದುಕೊಳ್ಳುತ್ತೀರಿ ಅಕ್ಕಾ, ಮುಂದಿನ ಮನೆಯವರಿಗೆ ಉತ್ತರ ಹೇಳುವವನು ನಾನು" ಎಂಬುದು ಅವರ ವಾದ. ವಾದದಲ್ಲಿ ಸತ್ಯವಿರಬಹುದು, ನ್ಯಾಯವಿಲ್ಲ. ಸಮವಾಗಿಯೇ ಕೊಟ್ಟೆವು. ಇವರನ್ನು ಕರೆಯುವವರು ಮೊದಲ ದಿನವೇ ಇದನ್ನು ಬಾಯಿಬಿಟ್ಟು ಮಾತಾಡಿಕೊಳ್ಳಿ.

ಬನದ ಹುಣ್ಣಿಮೆ ಸಮೀಪಿಸಿತೆಂದರೆ ತಂಡ ಮಾಯ. ಬನಶಂಕರಿ ಜಾತ್ರೆ, ಆಮೇಲೆ ರಾತ್ರಿಯಿಡೀ ನಾಟಕ. ಫೋನ್ ಮಾಡಿದರೆ ಹಿನ್ನೆಲೆಯಲ್ಲಿ ಹಾರ್ಮೋನಿಯಂ ಕೇಳಿಸುತ್ತಿತ್ತು. ಸಿಟ್ಟು ಮಾಡಿಕೊಂಡು ಫಲವಿಲ್ಲವೆಂದು ನಾವೂ ಜಾತ್ರೆಗೆ ಹೋಗಿ ಹಿತ್ತಲಿನ ಬಾಗಿಲು, ಚೌಕಟ್ಟು ಅಲ್ಲಿಯೇ ಕೊಂಡೆವು. ಬಾಗಿಲು, ಚೌಕಟ್ಟುಗಳ ವ್ಯಾಪಾರಕ್ಕೆ ಈ ಜಾತ್ರೆ ಹೆಸರಾದದ್ದು, ಸಾಲುಸಾಲಾಗಿ ನಿಲ್ಲಿಸಿರುತ್ತಾರೆ. ಬಣ್ಣ ಬಳಿದದ್ದನ್ನು ಮುಟ್ಟಬೇಡಿ, ಬಣ್ಣದಡಿಯಲ್ಲಿ ಗಂಟು, ಸೀಳು, ಮೇಣ ಎಲ್ಲವೂ ಅಡಗಿರುತ್ತವೆ. ಬರಿಯ ಕಟ್ಟಿಗೆ ನೋಡಿ, ಎತ್ತಿ ತೂಗಿ, ಮೂಲೆಯಿಂದ ಮೂಲೆಗೆ ಹುರಿ ಹಿಡಿದು ಎರಡೂ ಕರ್ಣ ಸಮವಿದೆಯೇ ಅಳೆಯಿರಿ. ನಾವು ತಂದ ಬೇವಿನ ಬಾಗಿಲು ಮಳೆಗಾಲದಲ್ಲಿ ಸ್ವಲ್ಪ ಉಬ್ಬಿತು, ಒಂದು ಬಾರಿ ಉಜ್ಜುಗೊರಡು ಆಡಿಸಿದ ಮೇಲೆ ತೊಂದರೆ ಕೊಟ್ಟಿಲ್ಲ.

ಈಗ ಬಚ್ಚಲು. ಐದು ಅಡಿಗೆ ಒಂದು ಇಂಚಾದರೂ ಇಳಿಜಾರು ಬೇಕೆಂದು ಕಾಗದದ ಮೇಲೆ ಬರೆದು ಕೊಟ್ಟಿದ್ದೆ. ಇಳಿಜಾರು ಕೊಟ್ಟರು, ಬಾಗಿಲಿನ ಕಡೆಗೆ. ಮೊದಲ ಸ್ನಾನದ ನೀರು ಮೋರಿಗೆ ಬೆನ್ನು ತಿರುಗಿಸಿ ನೆಟ್ಟಗೆ ಅಡುಗೆಮನೆಗೆ ಬಂತು. "ಸ್ವಲ್ಪ ದಿನ ಬಳಸಿ ಕಾಕಾ, ನೀರು ತಾನೇ ದಾರಿ ಮಾಡಿಕೊಳ್ಳುತ್ತದೆ" ಎಂದರು. ಅಡುಗೆಮನೆಯ ದಾರಿಯನ್ನು ಅದು ಆಗಲೇ ಮಾಡಿಕೊಂಡಿತ್ತಲ್ಲ. ಫರಸಿ ಕಿತ್ತು ಮತ್ತೆ ಹಾಕಿದರು, ಈ ಬಾರಿ ನೀರು ನಟ್ಟನಡುವೆ ನಿಂತಿತು. ಕೊನೆಗೆ ಪ್ಲಂಬರ್ ಒಬ್ಬರು ಎಲ್ಲ ಎಬ್ಬಿಸಿ ಒಂದೇ ದಿನದಲ್ಲಿ ಸರಿ ಮಾಡಿದರು. ಆ ಖರ್ಚನ್ನು ಗೌಂಡಿಯ ಲೆಕ್ಕದಲ್ಲಿ ಕಡಿತ ಮಾಡಿದ್ದೇನೆ. ಅವರು ಒಪ್ಪಿಲ್ಲ, ನಾನು ಬಿಟ್ಟಿಲ್ಲ.

ವಿದ್ಯುತ್ ಕೆಲಸ ಬೇರೆಯವರದು, ಆದರೆ ಒಂದು ಮಾತು: ಮರದ ಪಟ್ಟಿಯ ಮೇಲೆ ಓಡಿದ ಹಳೆಯ ವೈರು ಇದ್ದರೆ ಗಾರೆಗೆ ಮುಂಚೆಯೇ ಪೂರ್ತಿ ಬದಲಿಸಿ, ಅರ್ಥಿಂಗ್ ಹೊಸದಾಗಿ ಹಾಕಿಸಿ. ಗೆದ್ದಲಿನ ಔಷಧಿಯನ್ನೂ ನೆಲ, ಗೋಡೆ ಸೇರುವಲ್ಲಿ ಅಡಿಗೊಂದು ತೂತು ಕೊರೆದು ಮೊದಲೇ ಬಿಡಿಸಬೇಕು. ಗಾರೆ ಮುಗಿದ ಮೇಲೆ ಕೊರೆಯಲು ಬಂದವರನ್ನು ಹಿರಿಯ ಗೌಂಡಿ ಬೆನ್ನಟ್ಟಿದ್ದನ್ನು ನಾನು ಪಕ್ಕದ ಓಣಿಯಲ್ಲಿ ನೋಡಿದ್ದೇನೆ.

ವಾಸಕ್ಕೆ ಬಂದ ಮೇಲಿನ ಅನುಭವ. ಒಳಗೆ ತಂಪಿದೆ, ಮಧ್ಯಾಹ್ನ ಫ್ಯಾನ್ ಸಾಕು. ಮುಗ್ಗಲು ವಾಸನೆ ಹೋಗಿದೆ. ಗೋಡೆಗೆ ಒರಗಿದರೆ ಅಂಗಿಯ ಬೆನ್ನು ಬೆಳ್ಳಗಾಗುತ್ತದೆ, ಬಂದ ಬೀಗರಿಗೆಲ್ಲ ಮೊದಲೇ ಹೇಳಬೇಕಾಗಿದೆ. ಟಿವಿಯನ್ನು ಗೋಡೆಗೆ ತೂಗುಹಾಕುವ ಆಸೆ ಬಿಡಬೇಕು, ಮಣ್ಣು ಮೊಳೆ ಹಿಡಿಯುವುದಿಲ್ಲ. ಪ್ಲಾಸ್ಟಿಕ್ ಪೇಂಟ್ ಬಳಿದರೆ ಸಿಮೆಂಟ್ ಮಾಡಿದ ಕೆಲಸವನ್ನೇ ಅದೂ ಮಾಡುತ್ತದೆ, ಆದ್ದರಿಂದ ವರ್ಷಕ್ಕೊಮ್ಮೆ ನೀಲಿ ಬೆರೆಸಿದ ಸುಣ್ಣವೇ ಗತಿ. ಮಗ ಬೆಂಗಳೂರಿನಿಂದ ಬಂದು ನೋಡಿ, "ಅಪ್ಪಾ, ಇಷ್ಟು ಖರ್ಚು ಮಾಡಿಯೂ ಹಳೆಯ ಮನೆಯ ಹಾಗೆಯೇ ಇದೆಯಲ್ಲ" ಎಂದ. ಗೌಂಡಿಗೆ ಅದನ್ನು ಹೇಳಿದಾಗ ಅವರು ಪ್ರಶಂಸೆಯೆಂದೇ ತೆಗೆದುಕೊಂಡರು.

ಒಟ್ಟು ಖರ್ಚು ಬಾಗಲಕೋಟೆಯ ಗುತ್ತಿಗೆದಾರರು ಹೇಳಿದ್ದರ ಮೂರನೆಯ ಒಂದು ಭಾಗದಷ್ಟು ಬಂತು. ಹೇಳಿದ್ದಕ್ಕಿಂತ ಎರಡು ಪಟ್ಟು ಸಮಯ ಹಿಡಿಯಿತು. ಇವರಿಗೆ ಒಪ್ಪಂದದ ಮೊತ್ತಕ್ಕಿಂತ ದಿನಗೂಲಿ ಲೇಸು, ಏಕೆಂದರೆ ಮೊತ್ತ ನಿಗದಿಯಾದರೆ ಸುಣ್ಣ ಕೊಳೆಯುವ ಮೊದಲೇ ಗೋಡೆಗೆ ಏರುತ್ತದೆ. ಸಾಮಾನು ನೀವೇ ತಂದುಕೊಡಿ, ವಾರಕ್ಕೊಮ್ಮೆ ಸಂತೆಯ ದಿನ ಕೂಲಿ ಚುಕ್ತಾ ಮಾಡಿ, ಮುಂಗಡ ಕೇಳಿದರೆ ಜಾತ್ರೆ ಎಂದಿದೆ ನೋಡಿಕೊಂಡು ಕೊಡಿ. ನಮ್ಮ ಹಿತ್ತಲಿನ ಗೋಡೆ ಇನ್ನೂ ಬಾಕಿ ಇದೆ. ಅದಕ್ಕೂ ಇವರಿಗೇ ಹೇಳಿದ್ದೇನೆ. ಮುಂಗಡ ಕೊಟ್ಟಿಲ್ಲ.